ತಂಪಿದ್ದರೂ ಬೆವರಿದ ಸಕ್ಕರೆ ಆನೆಗಳು

ದೂರು ಬಂದದ್ದು ಹೀಗೆ: ಎಸಿ ಚೆನ್ನಾಗಿ ತಂಪು ಮಾಡುತ್ತದೆ, ಆದರೆ ಆನೆಗಳು ಬೆವರುತ್ತಿವೆ.

ಫೋನ್ ತೆಗೆದುಕೊಂಡ ಹುಡುಗಿ ಅದನ್ನು ಗುಜರಾತಿಯಲ್ಲಿ ಹಾಗೆಯೇ ದಾಖಲಿಸಿ, ನಗುತ್ತ ನನ್ನ ಪರದೆಗೆ ದಾಟಿಸಿದಳು. ಸೂರತ್ತಿನ ಒಂದು ಎಸಿ ಸರ್ವಿಸ್ ಕೇಂದ್ರದ ಉಸ್ತುವಾರಿ ನನ್ನದು. ದೀಪಾವಳಿ ಕಳೆದು ಗುಜರಾತಿಗಳ ಹೊಸ ವರ್ಷ ಶುರುವಾಗಿತ್ತು. ಲಾಭ ಪಾಂಚಮ್ ದಿನ ಪೂಜೆ ಮಾಡಿ ಅಂಗಡಿ ತೆರೆಯುವವರೆಗೆ ಈ ಊರಿನಲ್ಲಿ ಒಂದು ಮೊಳೆಯೂ ಸಿಗುವುದಿಲ್ಲ. ನಮ್ಮ ಮೆಕ್ಯಾನಿಕ್‌ಗಳಲ್ಲಿ ಹೆಚ್ಚಿನವರು ಸೌರಾಷ್ಟ್ರದ ಕಡೆಯವರು, ಊರಿಗೆ ಹೋಗಿದ್ದರು. ಉಳಿದಿದ್ದವರು ಒಬ್ಬರೇ, ಹುಟ್ಟಾ ಸೂರತ್ತಿನವರು, ಕೇಂದ್ರದಲ್ಲಿ ಎಲ್ಲರಿಗಿಂತ ಹಿರಿಯರು. ಮಳೆಗಾಲ ಮುಗಿದಿರಬೇಕಾದ ಹೊತ್ತಿನಲ್ಲಿ ಸಮುದ್ರದ ಕಡೆಯಿಂದ ಮೋಡ ಬಂದು, ದಿನಕ್ಕೊಂದೆರಡು ಸಲ ಸುರಿದು ಹೋಗುತ್ತಿತ್ತು.

ಅದೇ ಮನೆಯ ಹಿಂದಿನ ದೂರುಗಳನ್ನು ತೆರೆದು ನೋಡಿದೆ. ಮಳೆಗಾಲದುದ್ದಕ್ಕೂ ನಮ್ಮವರು ಅಲ್ಲಿಗೆ ಹೋಗಿ ಬಂದಿದ್ದರು. ಒಮ್ಮೆ ಫಿಲ್ಟರ್ ತೊಳೆದಿದ್ದರು, ಒಮ್ಮೆ ಗ್ಯಾಸ್ ತುಂಬಿದ್ದರು. ಪ್ರತಿ ಸಲವೂ ‘ತಂಪು ಸರಿಯಿದೆ’ ಎಂದು ಬರೆದು ದೂರು ಮುಚ್ಚಿದ್ದರು. ಅವರು ಬರೆದದ್ದು ಸುಳ್ಳಾಗಿರಲಿಲ್ಲ. ನಮ್ಮ ಪದ್ಧತಿಯಲ್ಲಿ ಎಸಿಯ ಬಾಯಿಗೆ ಥರ್ಮಾಮೀಟರ್ ಹಿಡಿಯುವುದು, ಒಳಗೆ ಹೋಗುವ ಗಾಳಿಗೂ ಹೊರಗೆ ಬರುವ ಗಾಳಿಗೂ ಸಾಕಷ್ಟು ಅಂತರವಿದ್ದರೆ ಯಂತ್ರ ಆರೋಗ್ಯವಾಗಿದೆ ಎಂದು ತಿಳಿಯುವುದು. ಅಷ್ಟೇ ಅಳತೆ.

ಮನೆಯವರ ಹೆಸರು ಧಾರವಾಡದ ಕಡೆಯದಾಗಿ ಕಂಡಿತು. ಫೋನ್ ಮಾಡಿ ಕನ್ನಡದಲ್ಲೇ ಕೇಳಿದೆ, ಆನೆ ಅಂದರೆ ಯಾವ ಆನೆ ಅಂತ.

“ಸಕ್ಕರಿ ಆನಿ, ತಂಗಿ. ಗೌರಿ ಹುಣ್ಣಿವಿಗೆ,” ಎಂದರು ಆ ಕಡೆಯ ಹೆಂಗಸು. “ನೀ ಯಾ ಊರಾಕಿ?”

ತುಮಕೂರು ಎಂದೆ.

“ಹಂಗಾರ ನಿನಗ ಗೊತ್ತಿರಂಗಿಲ್ಲ ಬಿಡು.”

ಗೊತ್ತಿರಲಿಲ್ಲ. ಅವರು ಹೇಳಿದ್ದನ್ನು ಕೇಳಿದಂತೆಯೇ ಬರೆಯುತ್ತೇನೆ. ದೀಪಾವಳಿಯ ನಂತರದ ಹುಣ್ಣಿಮೆಗೆ ಅವರ ಕಡೆ ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿ, ಗೌರಿಗೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದಲೇ ಈ ಸಕ್ಕರೆ ಆರತಿ ಹೋಗಬೇಕು, ಸೀರೆ ಹೂವಿನ ಜೊತೆ. ಈ ಅಕ್ಕನ ತಮ್ಮನಿಗೆ ವಡೋದರಾದ ಹುಡುಗಿ ಗೊತ್ತಾಗಿದ್ದಳು. ಹುಡುಗಿಯ ತಂದೆ ರೈಲ್ವೆಯಲ್ಲಿದ್ದರು, ಮೂಲ ಗದಗ. ನಿಶ್ಚಯವಾದ ಮೇಲಿನ ಮೊದಲ ಗೌರಿ ಹುಣ್ಣಿಮೆ ಇದು. ತಂದೆತಾಯಿ ಇಲ್ಲದ ತಮ್ಮನಿಗೆ ಗಂಡಿನ ಮನೆ ಎಂದರೆ ಇವರ ಮನೆಯೇ. ಜೊತೆಗೆ ಸೂರತ್ತಿನ ಪರಿಚಯದ ಕೆಲವು ಕನ್ನಡದ ಮನೆಗಳಿಗೂ ಗೊಂಬೆ ಮಾಡಿಕೊಡುವ ರೂಢಿ ಇಟ್ಟುಕೊಂಡಿದ್ದರು. ಅಹಮದಾಬಾದಿನಲ್ಲಿದ್ದಾಗ ಎಂದೂ ಕೆಟ್ಟಿರಲಿಲ್ಲವಂತೆ. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಸೂರತ್ತಿಗೆ ಬಂದ ಮೇಲೆ, ಹೋದ ವರ್ಷ ಎಲ್ಲ ಗೊಂಬೆಗಳೂ ಮೆತ್ತಗಾಗಿ ಒಂದಕ್ಕೊಂದು ಅಂಟಿದ್ದವು. ಹಂಚಿದ ಮನೆಗಳವರು ಮುಖ ನೋಡಿ ಏನೂ ಅನ್ನಲಿಲ್ಲ. ಅಕ್ಕನಿಗೆ ನೋವಾದದ್ದು ಅದೇ.

“ಈ ಸಲನೂ ಹಿಂಗ ಆತಂದ್ರ ಅಚ್ಚು ಎಲ್ಲಾ ಒಯ್ದು ಧಾರವಾಡದಾಗ ನಮ್ಮ ದೊಡ್ಡಕ್ಕಗ ಕೊಟ್ಟು ಬರ್ತೀನಿ,” ಎಂದರು. “ನನ್ನ ಕೈಲೆ ಇದು ಮುಗೀತು ಅಂತ ತಿಳಕೊಳ್ಳೋದು.”

ಮಧ್ಯಾಹ್ನವೇ ಹೋದೆವು, ನಾನು ಮತ್ತು ಆ ಹಿರಿಯ ಮೆಕ್ಯಾನಿಕ್.

ತಾಪಿ ನದಿಯಿಂದ ಹೆಚ್ಚು ದೂರವಿಲ್ಲದ ಒಂದು ಫ್ಲಾಟು. ನಡುವೆ ಉಯ್ಯಾಲೆಯಿದ್ದ ದೊಡ್ಡ ಹಾಲ್, ಪಕ್ಕಕ್ಕೆ ಅಡುಗೆಮನೆ, ಹಾಲಿಗೆ ಹೊಂದಿಕೊಂಡಂತೆ ಹಿಂದೆ ಒಂದು ಚಿಕ್ಕ ಕೋಣೆ. ಕೋಣೆಯ ಬಾಗಿಲು ಬಿಗಿಯಾಗಿ ಹಾಕಿತ್ತು, ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕಿತ್ತು. ಒಳಗೆ ಹೋದರೆ ಕೈ ಮೇಲಿನ ರೋಮ ನಿಲ್ಲುವಷ್ಟು ಚಳಿ. ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ ಗೊಂಬೆಗಳನ್ನು ಸಾಲಾಗಿ ಇಟ್ಟಿದ್ದರು: ಆನೆ, ಒಂಟೆ, ಗಿಳಿ, ಗೋಪುರ. ಆನೆಯ ಬೆನ್ನು ಮುಟ್ಟಿದೆ. ಬೆರಳು ಅಂಟಿಕೊಂಡಿತು.

ಗೋಡೆಯ ಮೇಲಿದ್ದದ್ದು ಎರಡು ಟನ್ನಿನ ಹಳೆಯ ಕಾಲದ ಎಸಿ. ಇನ್ವರ್ಟರ್ ಅಲ್ಲ. ಓಡಿದರೆ ಪೂರ್ಣ ಓಡುತ್ತದೆ, ನಿಂತರೆ ಪೂರ್ಣ ನಿಲ್ಲುತ್ತದೆ. ಇಷ್ಟು ಚಿಕ್ಕ ಕೋಣೆಗೆ ಇಷ್ಟು ದೊಡ್ಡದು ಯಾಕೆ ಎಂದು ಕೇಳಿದೆ. ಯಜಮಾನರು ಹೆಮ್ಮೆಯಿಂದಲೇ ಹೇಳಿದರು, ಅದು ಅಹಮದಾಬಾದಿನ ಯಂತ್ರವಂತೆ. ಅಲ್ಲಿ ಮೇಲಿನ ಮಹಡಿಯ ಹಾಲಿನಲ್ಲಿತ್ತು, ತಾರಸಿ ಕೆಂಡದಂತೆ ಕಾಯುತ್ತಿದ್ದ ಬೇಸಿಗೆಯಲ್ಲೂ ಒಂದು ದಿನ ತೊಂದರೆ ಕೊಟ್ಟಿರಲಿಲ್ಲ. ವರ್ಗವಾದಾಗ ಲಾರಿಯಲ್ಲಿ ಸಾಮಾನಿನ ಜೊತೆ ತಂದು, ಗೊಂಬೆಯ ಕೋಣೆಗೇ ಹಾಕಿಸಿದ್ದರು.

“ದೊಡ್ಡದಿದ್ರ ಛಲೋ ಅಲ್ಲೇನ್ರಿ ಮೇಡಂ?” ಎಂದರು.

ಆಗ ನನಗೂ ಖಚಿತವಿರಲಿಲ್ಲ.

ಮೆಕ್ಯಾನಿಕ್ ಗೇಜ್ ಹಾಕಿ ಗ್ಯಾಸಿನ ಒತ್ತಡ ನೋಡಿದರು. ಸರಿಯಿತ್ತು. ಆದರೂ ಸ್ವಲ್ಪ ತುಂಬಿಬಿಡೋಣ, ಮನೆಯವರಿಗೆ ಸಮಾಧಾನವಾಗುತ್ತದೆ ಎಂದು ಹಿಂದಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಬೇಡವೆಂದೆ. ಸೋರದ ಗ್ಯಾಸನ್ನು ತುಂಬುವುದು ರೋಗಿಗೆ ಸಮಾಧಾನಕ್ಕೆಂದು ಚುಚ್ಚಿದ ಸೂಜಿಯಂತೆ. ಅದರಿಂದ ಯಂತ್ರ ಕೆಡುವುದೂ ಉಂಟು.

ಆಮೇಲೆ ಎರಡು ಕೆಲಸ ಮಾಡಿದೆ. ಚೀಲದಿಂದ ತೇವಾಂಶ ಅಳೆಯುವ ಸಣ್ಣ ಮೀಟರ್ ತೆಗೆದು ಗೊಂಬೆಗಳ ನಡುವೆ ಇಟ್ಟೆ. ಬಾಲ್ಕನಿಗೆ ಹೋಗಿ ಎಸಿಯ ನೀರು ಹೊರಗೆ ಹೋಗುವ ಪೈಪಿನ ಕೆಳಗೆ ಒಂದು ಬಕೆಟ್ ಇರಿಸಿದೆ. ಸಮುದ್ರದ ಗಾಳಿಯ ಊರಿನಲ್ಲಿ ಎಸಿಗೆ ಎರಡು ಕೆಲಸ: ಗಾಳಿಯನ್ನು ತಂಪು ಮಾಡುವುದು, ಗಾಳಿಯೊಳಗಿನ ನೀರನ್ನು ಹಿಂಡಿ ಹೊರಗೆ ಕಳುಹಿಸುವುದು. ಮೊದಲನೆಯದು ಮೈಗೆ ತಿಳಿಯುತ್ತದೆ. ಎರಡನೆಯದನ್ನು ಬಕೆಟ್ಟೇ ಹೇಳಬೇಕು. ಅಂಥ ಮಳೆಯ ದಿನ ಆರೋಗ್ಯವಂತ ಯಂತ್ರದ ಪೈಪಿನಿಂದ ನೀರು ಎಡೆಬಿಡದೆ ಇಳಿಯಬೇಕು. ಇಲ್ಲಿ ಆಗೊಂದು ಈಗೊಂದು ಹನಿ. ಮೀಟರಿನ ಮುಳ್ಳು ಶೇಕಡಾ ಎಂಬತ್ತರ ಹತ್ತಿರ. ಅಂದರೆ ಆ ಚಳಿಯ ಕೋಣೆ ಹೊರಗಿನ ಜಿನುಗುಮಳೆಗಿಂತ ಹೆಚ್ಚೇನೂ ಒಣಗಿರಲಿಲ್ಲ.

ಯಂತ್ರಕ್ಕೆ ರಿಪೇರಿ ಬೇಕೆಂದು ನಾನು ಒಪ್ಪಿಕೊಂಡದ್ದು ಆ ಕ್ಷಣ. ಏನು ರಿಪೇರಿ ಎಂಬುದು ತಿಳಿಯಲಿಲ್ಲ.

ಮೊದಲ ಅನುಮಾನ ಗಾಳಿಯನ್ನು ತಣ್ಣಗೆ ಮಾಡುವ ಕೊಳವೆಗಳ ಸುರುಳಿ, ಅಂದರೆ ಕಾಯಿಲಿನ ಮೇಲೆ ಬಂತು. ಕಾಯಿಲಿನ ಹಿಂಬದಿಗೆ ಧೂಳು ಮೆತ್ತಿಕೊಂಡಿದ್ದರೆ ಗಾಳಿ ಸರಿಯಾಗಿ ಹಾಯುವುದಿಲ್ಲ. ನೀರಿನ ಟ್ರೇ ಕಟ್ಟಿದ್ದರೆ ನೀರು ಒಳಗೇ ನಿಲ್ಲುತ್ತದೆ. ಗೊಂಬೆಗಳನ್ನು ಹೊರಗಿಡಿಸಿ, ಪಂಪ್ ಹಾಕಿ ಪೂರ್ತಿ ತೊಳೆದೆವು. ಕಪ್ಪು ನೀರು ಬಂತು, ಪೈಪೂ ಸಲೀಸಾಯಿತು. ಅಕ್ಕ ಚಹಾ ಮಾಡಿಕೊಟ್ಟು, ಸಂಜೆಯೇ ಹೊಸ ಪಾಕ ಕಾಸಿ, ಹೊಸ ಗೊಂಬೆಗಳನ್ನು ಎರೆದು ಕೋಣೆಯಲ್ಲಿಟ್ಟರು.

ಬೆಳಿಗ್ಗೆ ಅವರದೇ ಫೋನ್. ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು.

“ತಂಗಿ, ಆನಿ ಸೊಂಡಿ ಬಿದ್ದೈತಿ. ಒಂಟಿ ಕುಂತ ಬಿಟ್ಟೈತಿ. ನಾ ಹೇಳಿದ್ನಲ್ಲ, ಅಚ್ಚು ಕಟ್ಟಿ ಇಡ್ತೀನಿ.”

ಕಟ್ಟಬೇಡಿ, ಬರುತ್ತೇನೆ ಎಂದೆ.

ಎರಡನೆಯ ಸಲ ಹೋದಾಗ ಉಪಕರಣಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಮೆಕ್ಯಾನಿಕ್‌ಗೂ ಏನನ್ನೂ ಮುಟ್ಟಬೇಡಿ ಎಂದು ಹೇಳಿ, ಕೋಣೆಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಸರ್ವಿಸ್ ಕೆಲಸದಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಮುಂದಿನ ಮನೆ ಕಾಯುತ್ತಿರುತ್ತದೆ, ಕೈ ಸುಮ್ಮನಿದ್ದರೆ ಮನೆಯವರು ಅನುಮಾನಿಸುತ್ತಾರೆ. ನಾನು ಯಂತ್ರವನ್ನು ಅದರ ಪಾಡಿಗೆ ಬಿಟ್ಟು ನೋಡಿದೆ.

ಕಂಡದ್ದು ಇಷ್ಟು. ಕಂಪ್ರೆಸರ್ ಶುರುವಾಗುತ್ತಿತ್ತು. ತಣ್ಣನೆ ಗಾಳಿ ಬರುತ್ತಿತ್ತು, ಮುಳ್ಳು ನಿಧಾನವಾಗಿ ಇಳಿಯತೊಡಗುತ್ತಿತ್ತು. ಕಾಯಿಲಿನ ಮೇಲೆ ನೀರು ಕೂಡಿ ಇನ್ನೇನು ಪೈಪಿಗೆ ಇಳಿಯಬೇಕು ಎನ್ನುವಷ್ಟರಲ್ಲಿ ಕಂಪ್ರೆಸರ್ ನಿಂತುಬಿಡುತ್ತಿತ್ತು. ಫ್ಯಾನ್ ನಿಲ್ಲುತ್ತಿರಲಿಲ್ಲ. ಒದ್ದೆಯಾದ ಕಾಯಿಲಿನ ಮೇಲೆ ಗಾಳಿ ಬೀಸಿ ಬೀಸಿ, ಹಿಡಿದ ನೀರನ್ನೆಲ್ಲ ಮತ್ತೆ ಕೋಣೆಗೇ ತಂದು ಹಾಕುತ್ತಿತ್ತು. ಆಗ ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು, ಮುಳ್ಳು ಮೊದಲಿದ್ದಲ್ಲಿಗೇ ಏರುತ್ತಿತ್ತು. ನಾನು ನೋಡುತ್ತ ಕೂತಷ್ಟು ಹೊತ್ತೂ ಇದೇ ನಡೆಯಿತು. ಹಿಂದಿನ ದಿನ ನಾವು ತೊಳೆದದ್ದರಿಂದ ಕಾಯಿಲ್ ಇನ್ನಷ್ಟು ಚೆನ್ನಾಗಿ ನೀರು ಹಿಡಿಯುತ್ತಿತ್ತು, ಇನ್ನಷ್ಟು ಚೆನ್ನಾಗಿ ವಾಪಸು ಕೊಡುತ್ತಿತ್ತು.

ಇಷ್ಟು ಬೇಗ ಯಾಕೆ ನಿಲ್ಲುತ್ತದೆ? ರಿಮೋಟಿನಲ್ಲಿ ಹದಿನೆಂಟು ಡಿಗ್ರಿ ಇತ್ತು. ಕೋಣೆ ಇನ್ನೂ ಅಲ್ಲಿಗೆ ಇಳಿದಿರಲಿಲ್ಲ. ಮೆಕ್ಯಾನಿಕ್‌ಗೆ ಈಗ ಮುಂದಿನ ಮುಚ್ಚಳ ತೆಗೆಯಿರಿ ಎಂದೆ. ಅವರು ಟಾರ್ಚ್ ಹಿಡಿದು ನೋಡಿ ನಾಲಿಗೆ ಕಚ್ಚಿಕೊಂಡರು. ಕೋಣೆಯ ಉಷ್ಣತೆ ತಿಳಿಯುವ ಸೆನ್ಸರ್, ಬೆಂಕಿಕಡ್ಡಿಯ ತಲೆಯಷ್ಟಿರುವ ಒಂದು ಕಪ್ಪು ಮಣಿ, ಕಾಯಿಲಿನ ಮುಂದೆ ಒಂದು ಕ್ಲಿಪ್ಪಿನಲ್ಲಿ ಕೂತಿರಬೇಕು. ಅಹಮದಾಬಾದಿನಿಂದ ಬಿಚ್ಚಿ ತರುವಾಗಲೋ ಇಲ್ಲಿ ಹಾಕುವಾಗಲೋ ಕ್ಲಿಪ್ ಮುರಿದಿತ್ತು. ಮಣಿ ಜೋತುಬಿದ್ದು ತಣ್ಣನೆಯ ಕಾಯಿಲಿಗೇ ಒರಗಿಕೊಂಡಿತ್ತು. ಕಾಯಿಲ್ ತಣ್ಣಗಾದ ಕೂಡಲೇ ಕೋಣೆಯೇ ತಣ್ಣಗಾಯಿತು ಎಂದು ಸುದ್ದಿ ಕೊಡುತ್ತಿತ್ತು. ಕೋಣೆಯ ಸುದ್ದಿ ತಿಳಿಯಲು ಯಂತ್ರಕ್ಕಿದ್ದ ಮೂಲ ಅದೊಂದೇ, ಅದೂ ತಪ್ಪು ಜಾಗದಲ್ಲಿ ಕೂತದ್ದು.

ಹೊಸ ಕ್ಲಿಪ್ ಲಾಭ ಪಾಂಚಮ್‌ಗೆ ಮುಂಚೆ ಸಿಗುವಂತಿರಲಿಲ್ಲ. ಮೆಕ್ಯಾನಿಕ್ ಒಂದು ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ, ವೈರ್ ಕಟ್ಟುವ ಟೈ ಬಿಗಿದು, ಮಣಿಯನ್ನು ಕಾಯಿಲಿನಿಂದ ಬೆರಳಗಲ ಮುಂದೆ ನಿಲ್ಲಿಸಿದರು. ತಾತ್ಕಾಲಿಕವಾದರೂ ನೇರ ಕೆಲಸ. ಕಂಪ್ರೆಸರ್ ಈಗ ಹೆಚ್ಚು ಹೊತ್ತು ಓಡಿತು. ಬಾಲ್ಕನಿಯಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು. ಮೆಕ್ಯಾನಿಕ್ ನನ್ನ ಕಡೆ ನೋಡಿ, “ಆಯಿತಲ್ಲ ಬೆನ್,” ಎನ್ನುವಂತೆ ಕೈ ಒರೆಸಿಕೊಂಡರು.

ಆಗಿರಲಿಲ್ಲ. ಕೋಣೆ ಹದಿನೆಂಟಕ್ಕೆ ಇಳಿಯಿತು, ಕಂಪ್ರೆಸರ್ ನಿಂತಿತು, ಮುಳ್ಳು ಮತ್ತೆ ಏರತೊಡಗಿತು. ಮೊದಲಿಗಿಂತ ಕಡಿಮೆ ನಿಜ, ಆದರೆ ಸಕ್ಕರೆಗೆ ಸಾಲುವಷ್ಟಲ್ಲ. ಅಷ್ಟರಲ್ಲಿ ಅಕ್ಕ ಒಂದು ಗಟ್ಟಿಯಿದ್ದ ಆನೆಯನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಲು ಹಾಲಿಗೆ ಹೋದರು. ನಾನು ಹಿಂದೆಯೇ ಹೋದೆ. ಅವರ ಅಂಗೈಯಲ್ಲಿದ್ದ ಹಾಗೆಯೇ ಆನೆಯ ಬೆನ್ನಿನ ಮೇಲೆ ಮಂಜು ಕೂತಿತು, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಕೂರುವಂತೆ.

“ನೋಡ್, ಮತ್ತ ಬೆವರಾಕ ಹತ್ತೈತಿ,” ಎಂದರು ಅಕ್ಕ, ಸೋತ ದನಿಯಲ್ಲಿ.

ನನಗೆ ತಿಳಿದದ್ದು ಆಗ. ಆನೆ ಬೆವರುತ್ತಿರಲಿಲ್ಲ, ಹಾಲಿನ ಹಸಿಗಾಳಿ ಆ ತಣ್ಣನೆಯ ಮೈ ಮೇಲೆ ನೀರಾಗುತ್ತಿತ್ತು. ಗೊಂಬೆ ಮೆತ್ತಗಾದಷ್ಟೂ ಮನೆಯವರು ರಿಮೋಟನ್ನು ಇನ್ನೂ ಕೆಳಗೆ ಒತ್ತಿದ್ದರು. ಕೆಳಗೆ ಒತ್ತಿದಷ್ಟೂ ಗೊಂಬೆ ತಣ್ಣಗಾಗಿ, ಬಾಗಿಲು ತೆರೆದಾಗಲೆಲ್ಲ ಇನ್ನಷ್ಟು ನೀರು ಕುಡಿದಿತ್ತು. ಅಹಮದಾಬಾದಿನ ಒಣ ಬಿಸಿಲಿನಲ್ಲಿ ತಂಪು ಮಾಡಿದರೆ ಸಾಕಿತ್ತು, ಅಲ್ಲಿಯ ಗಾಳಿಯಲ್ಲಿ ಹಿಂಡಲು ನೀರೇ ಇರುತ್ತಿರಲಿಲ್ಲ. ಇಲ್ಲಿ ಬೇಕಾದದ್ದು ಒಣಗುವುದು. ಒಣಗಬೇಕಾದರೆ ಯಂತ್ರ ನಿಲ್ಲದೆ ಓಡಬೇಕು. ಆ ಕೋಣೆಯಲ್ಲಿ ಅದಕ್ಕೆ ಓಡುವಷ್ಟು ಕೆಲಸವೇ ಇರಲಿಲ್ಲ.

ಚಿಕ್ಕ ಎಸಿ ತರಿಸಿ ಹಾಕುವುದಕ್ಕೆ ಅಂಗಡಿ ತೆರೆದಿಲ್ಲ, ಆಳುಗಳು ಊರಿನಿಂದ ಮರಳುವುದು ಇನ್ನೂ ತಡ, ಅಷ್ಟು ಕಾದರೆ ಹುಣ್ಣಿಮೆಗೆ ಮುಂಚೆ ಗೊಂಬೆ ಎರೆದು ಒಣಗಿಸಲು ದಿನ ಉಳಿಯುವುದಿಲ್ಲ. ಯಂತ್ರವನ್ನು ಚಿಕ್ಕದು ಮಾಡಲಾಗದಿದ್ದರೆ ಕೋಣೆಯನ್ನು ದೊಡ್ಡದು ಮಾಡಬೇಕು. ಬಾಗಿಲ ಕೆಳಗಿನ ಟವೆಲ್ ಎಳೆದು ಹಾಕಿದೆ. ಬಾಗಿಲನ್ನು ಪೂರ್ತಿ ತೆರೆದು ಅದಕ್ಕೆ ಸ್ಟೂಲ್ ಒರಗಿಸಿದೆ. ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿಸಿದೆ. ರಿಮೋಟ್ ತೆಗೆದುಕೊಂಡು, ಗೊಂಬೆಗಳ ಮೈ ತಣ್ಣಗಾಗದಿರಲೆಂದು ಹದಿನೆಂಟನ್ನು ಇಪ್ಪತ್ತಾರಕ್ಕೆ ಏರಿಸಿ, ಇವರು ಯಾರೂ ಇದುವರೆಗೆ ಮುಟ್ಟಿರದ, ನೀರಿನ ಹನಿಯ ಚಿತ್ರವಿದ್ದ ಗುಂಡಿ ಒತ್ತಿದೆ. ಈ ಯಂತ್ರದಲ್ಲಿ ಆ ಗುಂಡಿ ಒತ್ತಿದರೆ ಫ್ಯಾನ್ ಮೆಲ್ಲಗೆ ತಿರುಗುತ್ತದೆ, ಕಂಪ್ರೆಸರ್ ನಿಂತಾಗ ತಾನೂ ನಿಲ್ಲುತ್ತದೆ.

ಮೆಕ್ಯಾನಿಕ್ ಕಿಟಕಿಯಾಚೆ ನೋಡುತ್ತ ನಿಂತರು. ಬಾಗಿಲು ತೆರೆದು ಎಸಿ ಹಾಕುವವರನ್ನು ಬೈಯುವುದೇ ಅವರು ಜೀವಮಾನವೆಲ್ಲ ಮಾಡಿದ ಕೆಲಸ.

ತೊಡಕು ಬಂದದ್ದು ಯಜಮಾನರಿಂದ. ಹೊಸ ವರ್ಷದ ದಿನಗಳು, ಕಟ್ಟಡದ ಮನೆಮನೆಯವರೂ ಸಾಲ್ ಮುಬಾರಕ್ ಹೇಳಲು ಬರುತ್ತಾರೆ. ಹಾಲಿನ ಮುಂಬಾಗಿಲು ಆ ದಿನಗಳಲ್ಲಿ ಮುಚ್ಚುವುದೇ ಇಲ್ಲ. ಅದು ತೆರೆದಿದ್ದರೆ ಹೊರಗಿನ ಗಾಳಿಯನ್ನೆಲ್ಲ ಈ ಯಂತ್ರ ಹಿಂಡಬೇಕು.

“ಮೇಡಂ, ಈ ದಿನದಾಗ ಬಾಗ್ಲಾ ಹಾಕ್ಕೊಂಡು ಕುಂತ್ರ ಬ್ಯಾಂಕ್ ಸಾಹೇಬ ಜಿಪುಣ ಅಂತಾರ ಮಂದಿ.”

“ಅದೇನ್ ಸುಳ್ಳಲ್ಲ ಬಿಡ್ರಿ,” ಎಂದರು ಅಕ್ಕ. “ಕುರ್ಚಿ ತಗೊಂಡು ಹೊರಗ ಕುಂದರ್ರಿ.”

ನಿಜವಾಗಿಯೂ ಹಾಗೆಯೇ ಆಯಿತು. ಬ್ಯಾಂಕಿನ ಮ್ಯಾನೇಜರು ಇಸ್ತ್ರಿ ಮಾಡಿದ ಕುರ್ತಾ ತೊಟ್ಟು, ಲಿಫ್ಟಿನ ಎದುರು ಕುರ್ಚಿ ಸಾಲು ಹಾಕಿಸಿ, ಸ್ಟೂಲಿನ ಮೇಲೆ ದ್ರಾಕ್ಷಿ ಗೋಡಂಬಿಯ ತಟ್ಟೆ ಇಟ್ಟುಕೊಂಡು ಬಂದವರನ್ನೆಲ್ಲ ಅಲ್ಲೇ ಎದುರುಗೊಂಡರು. ಒಳಗೆ ದೇವರ ಸಕ್ಕರೆ ಒಣಗುತ್ತಿದೆ ಎಂದು ಅವರು ಹೇಳಿದ್ದೇ ಸಾಕಾಯಿತು. ದೇವರ ಕೆಲಸ ಎಂದ ಮೇಲೆ ಯಾರೂ ಬೇಸರಿಸಲಿಲ್ಲವಂತೆ. ಕೆಲವರು ಅಲ್ಲಿಯೇ ಕೂತು ಹರಟೆಗಿಳಿದರು. ಮನೆಯೊಳಗೆ ಇಷ್ಟು ಜನ ಎಂದೂ ಬಂದಿರಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದರು.

ಅಡುಗೆಮನೆಯ ಬಾಗಿಲು ಹಾಕಿ, ಅಲ್ಲಿನ ಕಿಟಕಿ ತೆರೆದು, ಪಾಕದ ಹಬೆ ಹೊರಗೇ ಹೋಗುವಂತೆ ಮಾಡಿದೆವು. ನೀರಿನಲ್ಲಿ ನೆನೆಸಿದ ಮರದ ಅಚ್ಚುಗಳನ್ನು ಕೋಣೆಗೆ ತರಬೇಡಿ, ಎರೆದು ಬಿಚ್ಚಿದ ಗೊಂಬೆಯನ್ನಷ್ಟೇ ತನ್ನಿ ಎಂದೆ. ಅಕ್ಕ ಸಕ್ಕರೆಗೆ ಹಾಲು ಹಾಕಿ ಕೊಳೆ ತೆಗೆದು, ಪಾಕವನ್ನು ಬೆಳ್ಳಗಾಗುವವರೆಗೆ ತಿರುವಿ, ದಾರ ಬಿಗಿದ ಅಚ್ಚುಗಳಿಗೆ ಎರೆದರು. ಅವರ ಕೈಯ ವೇಗ ನೋಡುವಂತಿತ್ತು. ಇಷ್ಟು ಬಲ್ಲ ಕೈ ಅಚ್ಚು ಕಟ್ಟಿಡುವುದಾಗಿ ಹೇಳಿದ್ದು ನನಗೆ ಅಲ್ಲಿಯೇ ನೆನಪಾಗಿ, ಬಾಲ್ಕನಿಗೆ ಹೋಗಿ ಬಕೆಟ್ ನೋಡಿ ಬಂದೆ.

ಪೈಪಿನಿಂದ ನೀರು ಎಳೆಯಾಗಿ ಇಳಿಯುತ್ತಿತ್ತು. ಸಂಜೆಯೊಳಗೆ ಬಕೆಟ್ ತುಂಬಿತು, ನೀರು ಚೆಲ್ಲಿ ಮತ್ತೆ ಇಟ್ಟೆವು. ಕೋಣೆಯಲ್ಲಿ ಚಳಿಯಿರಲಿಲ್ಲ. ಯಜಮಾನರು ಒಳಗೆ ಬಂದು, ಎಸಿ ಕೆಟ್ಟಿತೇನು ಎಂದು ಕೇಳಿದರು. ಮೀಟರಿನ ಮುಳ್ಳನ್ನು ತೋರಿಸಿದೆ. ಐವತ್ತೈದರ ಕೆಳಗೆ ಬಂದು ನಿಂತಿತ್ತು. ಅವರ ಹಣೆಯ ಬೆವರು ಆಗಲೇ ಆರಿತ್ತು.

ಲಾಭ ಪಾಂಚಮ್ ಬಂದು ಅಂಗಡಿ ತೆರೆದ ದಿನವೇ ಹೊಸ ಸೆನ್ಸರ್, ಹೊಸ ಕ್ಲಿಪ್ ಹಾಕಿದೆವು. ಬೇಸಿಗೆಗೆ ಮುಂಚೆ ಈ ಯಂತ್ರವನ್ನು ಹಾಲಿಗೆ ಸರಿಸಿ, ಕೋಣೆಗೆ ಚಿಕ್ಕದು ಹಾಕಿಸಿ ಎಂದು ಬರೆದುಕೊಟ್ಟೆ. ದೂರನ್ನು ‘ತಂಪು ಸರಿಯಿದೆ’ ಎಂದು ಮುಚ್ಚಲಿಲ್ಲ, ‘ಒಣಗುತ್ತಿದೆ’ ಎಂದು ಮುಚ್ಚಿದೆ. ಅಂದಿನಿಂದ ನಮ್ಮ ಕೇಂದ್ರದಲ್ಲಿ ಮಳೆಯ ತಿಂಗಳುಗಳಲ್ಲಿ ಬಕೆಟ್ ನೋಡದೆ ಯಾರೂ ದೂರು ಮುಚ್ಚುವುದಿಲ್ಲ. ಊರಿನಿಂದ ಮರಳಿದ ಮೆಕ್ಯಾನಿಕ್‌ಗಳು ನನಗೆ ‘ಬಾಲ್ದಿವಾಳಾ ಬೆನ್’, ಅಂದರೆ ಬಕೆಟ್ಟಿನ ಅಕ್ಕ, ಎಂದು ಹೆಸರಿಟ್ಟಿದ್ದಾರೆ. ಆ ಹೆಸರನ್ನು ಹಬ್ಬಿಸಿದವರು ಆ ಹಿರಿಯ ಮೆಕ್ಯಾನಿಕ್. ನನಗೆ ಅದು ಇಷ್ಟವಾಗಿದೆ.

ಗೊಂಬೆಗಳನ್ನು ಒಣಗಿದ ಕೋಣೆಯೊಳಗೇ ಪ್ಲಾಸ್ಟಿಕ್ ಚೀಲಗಳಿಗೆ ಹಾಕಿ, ಬಾಯಿ ಬಿಗಿದು, ಡಬ್ಬಿಗಳಲ್ಲಿ ಜೋಡಿಸಿದೆವು. ಸೂರತ್ತಿನ ಮನೆಗಳಿಗೆ ಅಕ್ಕನ ತಮ್ಮ ಹಂಚಿ ಬಂದ. ಹುಣ್ಣಿಮೆಯ ದಿನ ಮಧ್ಯಾಹ್ನದ ರೈಲಿಗೆ ವಡೋದರಾಕ್ಕೆ ಹೊರಟಾಗ ಅಕ್ಕ ನನ್ನನ್ನೂ ಬಿಡಲಿಲ್ಲ. ಡಬ್ಬಿಗಳನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಲಿಲ್ಲ. ಭರೂಚ್ ದಾಟುವಾಗ ಹೊರಗೆ ಮಳೆ ಬರುತ್ತಿತ್ತು.

ಹುಡುಗಿ ವಡೋದರಾದಲ್ಲೇ ಬೆಳೆದವಳು. ಕನ್ನಡ ತಡವರಿಸುತ್ತಿತ್ತು. ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸುತ್ತ, “ಇದು ಸಚ್ ಮೇ ಸಕ್ಕರೆನಾ ಆಂಟಿ?” ಎಂದು ನನ್ನನ್ನೇ ಕೇಳಿದಳು. ಹೌದೆಂದೆ. ಮುಸ್ಸಂಜೆಗೆ ದೀಪ ಹಚ್ಚಿ ಆರತಿ ಎತ್ತಿದಳು. ಆನೆಗಳ ಸೊಂಡಿಲುಗಳು ನೆಟ್ಟಗಿದ್ದವು. ಗೋಪುರ ನಿಂತಲ್ಲೇ ನಿಂತಿತ್ತು. ದೀಪದ ಬೆಳಕು ಸಕ್ಕರೆಯ ಅಂಚಿನಲ್ಲಿ ಹೊಳೆಯಿತು.

ಆರತಿ ಮುಗಿದ ಮೇಲೆ ಹುಡುಗಿಯ ಅಜ್ಜಿ ತಟ್ಟೆಯ ಹತ್ತಿರ ಬಂದು ಕೂತರು. ಗದಗಿನ ಹಳೆಯ ಜೀವ. ಒಂದು ಒಂಟೆಯನ್ನು ಎತ್ತಿ, ಹೆಬ್ಬೆರಳಿನಿಂದ ಅದರ ಕೊರಳು ಒತ್ತಿ ನೋಡಿದರು. ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಧಾರವಾಡದಿಂದ ತರಿಸೀರೇನು?” ಎಂದು ಕೇಳಿದರು ಅಜ್ಜಿ.

“ಇಲ್ರಿ ಅಜ್ಜಿ. ಸೂರತ್ತಿನ್ಯಾಗ, ನಮ್ಮ ಮನ್ಯಾಗ ಮಾಡೀನಿ.”

“ಈ ಮಳ್ಯಾಗ?”

“ಹೌದ್ರಿ.”

ಅಜ್ಜಿ ಒಂಟೆಯ ಕಾಲು ಮುರಿದರು. ಕಟ್ ಎಂದ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿತು. ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಚೀಪಿ, ಮುಂದಿನ ವರ್ಷ ನಮ್ಮ ರೈಲ್ವೆ ಕಾಲನಿಯ ಮನೆಗಳಿಗೂ ನೀನೇ ಮಾಡಿ ಕಳಿಸು ಎಂದರು.

ಅಕ್ಕ ಯೋಚಿಸಲೂ ಇಲ್ಲ.

“ಎಷ್ಟ ಮನಿ ಅದಾವ್ರಿ?” ಎಂದರು.